ಮರದ ಸಾಮಾನಿಗೆ ಅಗಸೆ ಎಣ್ಣೆ

ನಮ್ಮ ತಾಳವಾಡಿ ಸೀಮೆಯಲ್ಲಿ ಅಗಸೆಯೆಂದರೆ ಸೊಪ್ಪಿನ ಮರ. ಇಲ್ಲಿ ಹೇಳುವುದು ಅದಲ್ಲ. ಧಾರವಾಡದ ಕಡೆಯ ಎರೆಭೂಮಿಯಲ್ಲಿ ಹಿಂಗಾರಿಗೆ ಬೆಳೆಯುವ ನೀಲಿ ಹೂವಿನ ಸಣ್ಣ ಗಿಡ. ಸತ್ಯಮಂಗಲಕ್ಕೆ ಇಳಿದಾಗ ಅಂಗಡಿಯಲ್ಲಿ ‘ಆಳಿ ವಿದೈ’ ಎಣ್ಣೆಯೆಂದು ಕೇಳತಕ್ಕದ್ದು.

ಹರಳೆಣ್ಣೆ, ಕಡಲೆಕಾಯಿ ಎಣ್ಣೆ ಬಳಿದರೆ ಗುದ್ದಲಿ ಕಾವು ಜಿಡ್ಡಾಗಿಯೇ ಉಳಿಯುತ್ತದೆ. ಅಗಸೆ ಎಣ್ಣೆ ಹಾಗಲ್ಲ, ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ಆದರೆ ಹಸಿ ಎಣ್ಣೆ ಒಣಗಲು ಬಹಳ ದಿನ ಬೇಕು. ಬೇಗ ಒಣಗಲೆಂದು ಹಿಂದೆ ಬಣ್ಣ ತಯಾರಿಸುವವರು ಸೀಸದ ಆಕ್ಸೈಡು ಹಾಕಿ ಕುದಿಸುತ್ತಿದ್ದರು. ಅದು ವಿಷ, ನಮಗೆ ಬೇಡ. ಪೇಂಟು ಅಂಗಡಿಯ ‘ಬಾಯಿಲ್ಡ್’ ಎಣ್ಣೆಯಲ್ಲಿಯೂ ಸಾಮಾನ್ಯವಾಗಿ ಲೋಹದ ಲವಣ ಸೇರಿರುವುದರಿಂದ ಲಟ್ಟಣಿಗೆ, ಮರಿಗೆಗಳಿಗೆ ಹಚ್ಚಬಾರದು.

ಒಲೆಗಿಂತ ಬಿಸಿಲೇ ಮೇಲು. ಎಣ್ಣೆಗೆ ಅಷ್ಟೇ ನೀರು ಬೆರೆಸಿ ಚೆನ್ನಾಗಿ ಕುಲುಕಿ, ಒಂದೆರಡು ದಿನ ಬಿಟ್ಟರೆ ಲೋಳೆ ಕೆಳಗಿಳಿಯುತ್ತದೆ. ಮೇಲಿನ ತಿಳಿಯನ್ನು ಅಗಲವಾದ ಪಿಂಗಾಣಿ ತಟ್ಟೆಗೆ ಬೆರಳು ಮಂದ ಸುರಿದು, ಗಾಳಿಯಾಡುವಷ್ಟು ಸಂದು ಬಿಟ್ಟು ಗಾಜು ಮುಚ್ಚಿ ಬಿಸಿಲಿಗಿಡಿ. ಕೆನೆ ಕಟ್ಟದಂತೆ ದಿನವೂ ಕಲಕಬೇಕು. ಎರಡು ಮೂರು ವಾರದಲ್ಲಿ ತೆಳುಪಾಕದಷ್ಟು ಮಂದವಾದರೆ ಸಾಕು. ಬೆಟ್ಟದ ಮೋಡದ ದಿನಗಳಲ್ಲಿ ಇದು ಆಗದ ಮಾತು. ಮಾಘ, ಫಾಲ್ಗುಣ ಸೂಕ್ತ.

ಉಜ್ಜಿ ನುಣುಪು ಮಾಡಿದ ಒಣಮರಕ್ಕೆ ತೆಳ್ಳಗೆ ಹಚ್ಚಿ, ಕಾಲು ಗಂಟೆಯ ಮೇಲೆ ಮಿಕ್ಕಿದ್ದನ್ನು ಪೂರ್ತಿ ಒರೆಸಿ. ಇಲ್ಲವಾದರೆ ಅಂಟು ಬಹುಕಾಲ ಹೋಗದು. ಒಣಗಿದ ಮೇಲೆ ಇನ್ನೆರಡು ಸಲ. ಗೆದ್ದಲನ್ನು ಮಾತ್ರ ಇದು ತಡೆಯದು.

ಒರೆಸಿದ ಬಟ್ಟೆಯೇ ಅಪಾಯದ್ದು. ಮುದುರಿ ಎಸೆದರೆ, ಎಣ್ಣೆ ಒಣಗುವಾಗ ಹುಟ್ಟುವ ಶಾಖ ಒಳಗೇ ಕೂಡಿ, ಕಿಡಿಯಿಲ್ಲದೆಯೂ ಹೊತ್ತಿಕೊಳ್ಳಬಹುದು. ಹುಲ್ಲಿನ ಮೆದೆಯ ಬಳಿ, ಕೊಟ್ಟಿಗೆಯಲ್ಲಿ ಬಿಡಲೇಬೇಡಿ. ಬಯಲಿನಲ್ಲಿ ಒಂದೊಂದಾಗಿ ಹರಡಿ ಒಣಗಿಸಿ, ಇಲ್ಲವೆ ನೀರಿನಲ್ಲಿ ಮುಳುಗಿಸಿಡಿ.