ದಾರಿಯಲ್ಲಿ ಕರಗಿದ ಐನೂರು ವಾಟು

"ಕರೆಂಟ್ ಬಂದದ, ವೋಲ್ಟೇಜ್ ಇಲ್ಲ" ಎಂಬ ಮಾತು ಬಸವಕಲ್ಯಾಣ, ಹುಮನಾಬಾದ್ ಸೀಮೆಯ ಕಬ್ಬಿನ ಹೊಲಗಳ ನಡುವೆ ಬೇಸಗೆಯಲ್ಲಿ ನಡೆದವನ ಕಿವಿಗೆ ಬೀಳದಿರದು. ವೋಲ್ಟೇಜೇ ಇಲ್ಲದೆ ಕರೆಂಟು ಹರಿಯುವುದೆಂತು ಎಂದು ಭೌತಶಾಸ್ತ್ರದ ಪಂಡಿತನು ನಕ್ಕಾನು. ಆದರೆ ವಿದ್ಯುತ್ತೆಂಬುದು ಒಂದೇ ಅಳತೆಗೆ ಸಿಕ್ಕುವ ಪದಾರ್ಥವಲ್ಲ, ನೂಕುವ ಒತ್ತಡ ಬೇರೆ, ಹರಿಯುವ ಪ್ರವಾಹ ಬೇರೆ ಎಂಬ ತತ್ತ್ವವನ್ನು ಹೊಲದವರು ಗ್ರಂಥದ ಹಂಗಿಲ್ಲದೆ ಅನುಭವದಿಂದಲೇ ಕಂಡುಕೊಂಡಿರುವುದು ಆ ಮಾತಿನಲ್ಲಿ ವ್ಯಕ್ತವಾಗುತ್ತದೆಂದು ನನ್ನ ಭಾವನೆ.

ಒತ್ತಡಕ್ಕೆ ವೋಲ್ಟು, ಪ್ರವಾಹಕ್ಕೆ ಆಂಪಿಯರು. ಕೊಲೋನ್ ನಗರದ ಶಾಲೆಯೊಂದರಲ್ಲಿ ಉಪಾಧ್ಯಾಯನಾಗಿದ್ದ ಗೇಯಾರ್ಗ್ ಓಮ್ ಎಂಬ ಜರ್ಮನ್ ವಿದ್ವಾಂಸನು ಇವೆರಡರ ಸಂಬಂಧವನ್ನು 1827ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ನಿರೂಪಿಸಿದನು. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ದೊರೆಯುವುದು ರೋಧ. ಅದರ ಮಾನಕ್ಕೆ ಅವನ ಹೆಸರೇ ಇಂದು ಸಲ್ಲುತ್ತಿದೆ. ಅವೇ ಎರಡನ್ನು ಗುಣಿಸಿದರೆ ದೊರೆಯುವುದು ಸಾಮರ್ಥ್ಯ, ಅಂದರೆ ವಾಟು. ಒಂದು ಭಾಗಾಕಾರ, ಒಂದು ಗುಣಾಕಾರ; ವಿದ್ಯೆ ಇಷ್ಟೇ, ಪ್ರಯೋಜನ ಮಾತ್ರ ಇಷ್ಟೇ ಅಲ್ಲ.

ಚಳಿಗಾಲದ ಬೆಳಗಿನಲ್ಲಿ ಬಕೆಟ್ಟಿನ ನೀರಿಗೆ ಇಳಿಬಿಡುವ ಸಾವಿರ ವಾಟಿನ ಕಾಯಿಲನ್ನು ತೆಗೆದುಕೊಳ್ಳೋಣ. ಮನೆಗೆ ಬರಬೇಕಾದ 230 ವೋಲ್ಟು ಬಂದರೆ ಅದರಲ್ಲಿ 4.35 ಆಂಪಿಯರು ಹರಿಯುತ್ತದೆ. ಭಾಗಿಸಿ ನೋಡಿದರೆ ರೋಧವು ಸುಮಾರು 53 ಓಮ್. ವೋಲ್ಟೇಜು 180ಕ್ಕೆ ಕುಸಿದರೂ ಕಾಯಿಲಿನ ರೋಧವು ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಪ್ರವಾಹವು 3.4 ಆಂಪಿಯರಿಗೆ ಇಳಿಯುತ್ತದೆ. ಒತ್ತಡವೂ ತಗ್ಗಿತು, ಪ್ರವಾಹವೂ ತಗ್ಗಿತು. ಆದಕಾರಣ ಎರಡರ ಗುಣಲಬ್ಧವು ಇಮ್ಮಡಿಯಾಗಿ ಪೆಟ್ಟು ತಿಂದು 612 ವಾಟಿಗೆ ಬಂದು ನಿಲ್ಲುತ್ತದೆ. ವೋಲ್ಟೇಜಿನಲ್ಲಿ ಕಾಲು ಭಾಗವೂ ಹೋಗಿಲ್ಲ, ಶಾಖದಲ್ಲಿ ಮೂರರಲ್ಲೊಂದು ಭಾಗಕ್ಕೂ ಮಿಕ್ಕು ಹೋಯಿತು! ಹೊರಗೆ ಸೋರುವ ಶಾಖವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, 20 ಡಿಗ್ರಿಯ ಹತ್ತು ಲೀಟರು ನೀರು 60 ಡಿಗ್ರಿಗೆ ಕಾಯಲು 28 ನಿಮಿಷ ಸಾಕಾಗುತ್ತಿದ್ದುದು ಈಗ ಮುಕ್ಕಾಲು ಗಂಟೆಯನ್ನೇ ಬೇಡುತ್ತದೆ. ಮೀಟರಿನ ಲೆಕ್ಕದಲ್ಲಿ ಯೂನಿಟ್ಟು ಹೆಚ್ಚಾಗದು. ಸ್ನಾನಕ್ಕೆ ಕಾದು ನಿಂತವನ ತಾಳ್ಮೆಯನ್ನು ಅಳೆಯುವ ಮೀಟರು ಇನ್ನೂ ಬಂದಿಲ್ಲ.

ಆ ಕೊರತೆಯ ವೋಲ್ಟು ಹೋಯಿತೆಲ್ಲಿಗೆ? ಬಿಜ್ಜಳನ ಭಂಡಾರದ ಲೆಕ್ಕವನ್ನು ಬಸವಣ್ಣನವರು ನೋಡಿಕೊಂಡ ಕಲ್ಯಾಣದ ನೆಲದಲ್ಲಿ ನಿಂತು ಜಮೆಗೂ ಖರ್ಚಿಗೂ ತಾಳೆ ನೋಡದಿರುವುದು ತರವಲ್ಲ. ಊರಂಚಿನಲ್ಲಿ ಟಿಸಿ ಇದೆ, ಟ್ರಾನ್ಸ್‌ಫಾರ್ಮರಿಗೆ ಈ ಭಾಗದ ಜನ ಕರೆಯುವ ಹೆಸರದು. ಅಲ್ಲಿ 230 ವೋಲ್ಟು, ತಂತಿಯ ಕೊನೆಯ ಮನೆಯಲ್ಲಿ 205 ವೋಲ್ಟು, ಹರಿಯುತ್ತಿರುವುದು 20 ಆಂಪಿಯರು ಎಂದಿಟ್ಟುಕೊಳ್ಳಿ. ಟಿಸಿ ಕಳುಹಿಸಿದ್ದು 4600 ವಾಟು, ಮನೆಗೆ ಮುಟ್ಟಿದ್ದು 4100. ನಡುವಿನ 500 ವಾಟು ತಂತಿಯನ್ನು ಬಿಸಿಮಾಡಿ ಗಾಳಿಯಲ್ಲಿ ಕರಗಿತು. ಕುಸಿದ 25 ವೋಲ್ಟನ್ನು 20ರಿಂದ ಭಾಗಿಸಿದರೆ ಹೋಗುವ ಬರುವ ತಂತಿಗಳೆರಡರ ಒಟ್ಟು ರೋಧವು 1.25 ಓಮ್ ಎಂದು ತಿಳಿಯುತ್ತದೆ. ಕಂಬ ಹತ್ತದೆ, ತಂತಿ ಬಿಚ್ಚದೆ ತಂತಿಯ ಗುಣವನ್ನು ಅರಿಯುವ ಉಪಾಯವಿದು. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯಂತಹ ಸಂದಣಿಯಲ್ಲಿ ಒಂದೇ ತಂತಿಗೆ ಅಂಗಡಿಗಳ ಮೇಲೆ ಅಂಗಡಿಗಳು ಸೇರಿ ಪ್ರವಾಹವು ಇಮ್ಮಡಿಸಿದರೆ, ತಂತಿಯಲ್ಲಿ ವ್ಯಯವಾಗುವ ಶಾಖವು ನಾಲ್ಮಡಿಯಾಗುವುದು. ಪ್ರವಾಹದ ವರ್ಗಕ್ಕನುಗುಣವಾಗಿ ಶಾಖವೇಳುವ ಈ ನಿಯಮವನ್ನು 1841ರಲ್ಲಿ ಪ್ರಕಟಿಸಿದವನು ಬಿಯರು ತಯಾರಿಸುವ ಮನೆತನದಲ್ಲಿ ಹುಟ್ಟಿದ ಜೇಮ್ಸ್ ಜೌಲ್ ಎಂಬ ಇಂಗ್ಲೆಂಡಿನವನು.

ನೀರೆತ್ತುವ ಮೋಟರಿನ ಮಾತು ಬೇರೆ. ರೈತನ ಸಂಕಟವಿರುವುದೂ ಇಲ್ಲಿಯೇ. ಕಾಯಿಲು ಬಡವನಂತೆ ಬಂದಷ್ಟರಲ್ಲಿ ತೃಪ್ತಿಪಡುತ್ತದೆ. ಪಂಪಿನ ಹೊರೆಯನ್ನು ಹೊತ್ತ ಮೋಟರು ಹಾಗಲ್ಲ. ವೋಲ್ಟೇಜು ತಗ್ಗಿದಷ್ಟೂ ತನ್ನ ಕೆಲಸವನ್ನು ಪೂರೈಸಲು ಹೆಚ್ಚು ಪ್ರವಾಹವನ್ನು ಎಳೆಯುತ್ತದೆ. ಐದು ಅಶ್ವಶಕ್ತಿಯ ಮೂರು ಫೇಸಿನ ಮೋಟರು 415 ವೋಲ್ಟಿನಲ್ಲಿ ಸುಮಾರು ಏಳೂವರೆ ಆಂಪಿಯರು ಬೇಡುವುದಾದರೆ, 340 ವೋಲ್ಟಿನಲ್ಲಿ ಅದೇ ಕೆಲಸಕ್ಕೆ ಒಂಬತ್ತಕ್ಕೂ ಮಿಕ್ಕು ಬೇಡೀತು. ಒಳಗಿನ ತಾಮ್ರದ ಸುರುಳಿಯಲ್ಲಿ ಶಾಖವು ಒಂದೂವರೆ ಪಟ್ಟಾಗುವುದು. "ಮೋಟರ್ ಸುಟ್ಟಿತು" ಎಂಬ ಉದ್ಗಾರದ ಹಿಂದಿರುವ ಗಣಿತವಿದು. ಕಡಿಮೆ ವೋಲ್ಟೇಜೆಂದರೆ ಯಂತ್ರಕ್ಕೆ ಸೌಮ್ಯವೆಂದು ನಂಬಿದವರು ಬಹಳ ಮಂದಿ. ಮೋಟರಿನ ಮಟ್ಟಿಗೆ ಆ ಸೌಮ್ಯವೇ ಕ್ರೂರ. ಇನ್ನೊಂದು ಎಚ್ಚರಿಕೆ: ಮೋಟರಿನಲ್ಲಿ ವೋಲ್ಟನ್ನು ಆಂಪಿಯರಿನಿಂದ ಭಾಗಿಸಿ ಬಂದದ್ದನ್ನು ತಂತಿಯ ರೋಧವೆಂದು ತಿಳಿಯಲಾಗದು, ಸುರುಳಿಯ ಕಾಂತಗುಣವೂ ಅದರಲ್ಲಿ ಬೆರೆತಿರುತ್ತದೆ. ಅಲ್ಲಿ ವಾಟನ್ನು ಎಣಿಸಲು ಪವರ್ ಫ್ಯಾಕ್ಟರೆಂಬ ಮತ್ತೊಂದು ಗುಣಕ ಬೇಕು.

ಹಳೆಯ ಬುರುಡೆ ಬಲ್ಬೂ ಕಡಿಮೆ ಮೋಸಗಾರನಲ್ಲ. ಉರಿಯುವಾಗ 60 ವಾಟಿನ ಬಲ್ಬಿನ ರೋಧವು ಸುಮಾರು 880 ಓಮ್. ಆರಿದ ಬಲ್ಬಿಗೆ ಮಲ್ಟಿಮೀಟರು ಹಿಡಿದರೆ ಅದರ ಹತ್ತನೆಯ ಒಂದು ಪಾಲೂ ಕಾಣುವುದು ದುರ್ಲಭ. ಬಿಸಿಯೇರಿದಂತೆ ಟಂಗ್‌ಸ್ಟನ್ ತಂತುವಿನ ರೋಧವು ಏರುತ್ತದೆ.

ದಾರಿಯ ನಷ್ಟಕ್ಕೆ ಪರಿಹಾರವನ್ನು ನಮ್ಮ ನಾಡು 1902ರಷ್ಟು ಹಿಂದೆಯೇ ಕಂಡಿತ್ತು. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರು ದೂರ ವಿದ್ಯುತ್ತನ್ನು ಸಾಗಿಸಿದವರು ಅದನ್ನು ಸಾವಿರಾರು ವೋಲ್ಟಿಗೆ ಏರಿಸಿಯೇ ಕಳುಹಿಸಿದರು. ವೋಲ್ಟೇಜು ಇಮ್ಮಡಿಯಾದರೆ ಅದೇ ವಾಟಿಗೆ ಪ್ರವಾಹವು ಅರ್ಧವಾಗಿ, ತಂತಿಯ ನಷ್ಟವು ನಾಲ್ಕರಲ್ಲೊಂದು ಭಾಗಕ್ಕೆ ಇಳಿಯುವುದಷ್ಟೆ. ಇಂದು ಹಳ್ಳಿಯವರೆಗೆ 11,000 ವೋಲ್ಟಿನ ತಂತಿ ಬರುವುದಕ್ಕೂ ಕಾರಣ ಅದೇ. ಆ ತಂತಿಯನ್ನು ಇನ್ನಷ್ಟು ಮುಂದಕ್ಕೆಳೆದು, ಟಿಸಿಯನ್ನು ಕೊನೆಯ ಮನೆಯ ಸಮೀಪಕ್ಕೆ ತಂದು, ಕೆಳಗಿನ ತಂತಿಯ ಉದ್ದವನ್ನು ಅರ್ಧಕ್ಕಿಳಿಸಿದರೆ, ಮೇಲೆ ಕಂಡ ಲೆಕ್ಕದಲ್ಲಿ ಅದೇ 20 ಆಂಪಿಯರಿಗೆ ಹನ್ನೆರಡೂವರೆ ವೋಲ್ಟು ಮಾತ್ರ ಕುಸಿದು, ದಾರಿಖರ್ಚು 250 ವಾಟಿಗೆ ನಿಲ್ಲುತ್ತದೆ.