ನೀರುಗುಳ್ಳೆ ತಂದದ್ದು ತೋಳವಲ್ಲ

ಮಸ್ಕಿ, ಲಿಂಗಸುಗೂರಿನ ಕುರುಚಲು ಗುಡ್ಡಗಳಲ್ಲಿ, ಸಿಂಧನೂರಿನ ಕೊಯ್ಲಾದ ಗದ್ದೆಗಳಲ್ಲಿ ಕುರಿ ಮೇಯಿಸುವವರು ನೀರುಗುಳ್ಳೆಯನ್ನು ಬಲ್ಲರು. ಕುರಿ ಕೊಯ್ದಾಗ ಯಕೃತ್ತಿನಲ್ಲೋ ಶ್ವಾಸಕೋಶದಲ್ಲೋ ತಿಳಿನೀರು ತುಂಬಿದ ಬಿಳಿ ಗುಳ್ಳೆ ಸಿಗುತ್ತದೆ. ಆ ತುಂಡು ನಾಯಿಯ ಪಾಲು. ನಮಗೆ ಬೇಡವಾದದ್ದು ನಾಯಿಗೆ ಏನೂ ಮಾಡದು ಎಂಬ ನಂಬಿಕೆ ಹಳೆಯದು. ರೋಗ ಉಳಿದಿರುವುದೇ ಆ ನಂಬಿಕೆಯಿಂದ.

ಗುಳ್ಳೆಯಲ್ಲಿರುವುದು ಎಕಿನೊಕಾಕಸ್ ಎಂಬ ಲಾಡಿಹುಳದ ಮರಿಗಳು. ನಾಯಿಯ ಕರುಳಿನಲ್ಲಿ ಅವು ಸುಮಾರು 6–7 ವಾರಗಳಲ್ಲಿ ಬಲಿತು ಮೊಟ್ಟೆಯಿಡುತ್ತವೆ. ಬಲಿತ ಹುಳವೂ ಕೆಲವೇ ಮಿಲಿಮೀಟರ್ ಉದ್ದ. ನಾಯಿ ಸೊರಗುವುದಿಲ್ಲ, ಊಟ ಬಿಡುವುದಿಲ್ಲ. ಹಾಗಾಗಿ ‘ನಮ್ಮ ನಾಯಿ ಗಟ್ಟಿಮುಟ್ಟಾಗಿದೆ’ ಎಂಬ ಧೈರ್ಯ ಇಲ್ಲಿ ನಡೆಯದು. ಮಲದ ಜೊತೆ ಬಿದ್ದ ಮೊಟ್ಟೆ ಹುಲ್ಲಿನಿಂದ ಕುರಿಗೆ, ಕೈ, ನೀರು, ತೊಳೆಯದ ಸೊಪ್ಪಿನಿಂದ ನಮಗೆ ಸೇರುತ್ತದೆ. ಮಟನ್ ತಿಂದರೆ ಗುಳ್ಳೆ ಬರುತ್ತದೆ ಎಂದು ಅಂಜಬೇಕಿಲ್ಲ. ಮನುಷ್ಯರಿಗೆ ಅಂಟುವುದು ಮೊಟ್ಟೆಯಿಂದ, ಮಾಂಸದಿಂದಲ್ಲ.

ಇದನ್ನೆಲ್ಲ ಕಾಡಿನ ತೋಳದ ತಲೆಗೆ ಕಟ್ಟುವುದು ಅನ್ಯಾಯ. ತೋಳ ನಾಯಿಯ ಬಳಗವೇ, ಅದರ ಕರುಳಿನಲ್ಲೂ ಈ ಹುಳ ಬೆಳೆಯಬಲ್ಲದು, ನಿಜ. ಆದರೆ ಗುಳ್ಳೆಯಿರುವ ಕುರಿಯನ್ನೋ ನಾವು ಬಯಲಿಗೆಸೆದ ಕರುಳು, ಯಕೃತ್ತನ್ನೋ ತಿಂದರೆ ಅದಕ್ಕೆ ನಮ್ಮ ಹಟ್ಟಿಯ ಹುಳವೇ ಅಂಟುತ್ತದೆ. ಪಕ್ಕದ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಕ್ಕೆಂದೇ ಧಾಮವಿದೆ; ಬೇಲಿ ಹುಳವನ್ನು ತಡೆಯುವುದಿಲ್ಲ. ನಾಯಿಗಳ ಕಜ್ಜಿ, ಡಿಸ್ಟೆಂಪರ್ ರೋಗಗಳೂ ತೋಳಕ್ಕೆ ತಗಲಬಲ್ಲವು.

‘ಕಾಡುಪ್ರಾಣಿ ಗಟ್ಟಿ, ರೋಗ ತಟ್ಟದು’ ಎನ್ನುವವರು ಆಸ್ಟ್ರೇಲಿಯಾದ ಕಥೆ ಕೇಳಬೇಕು. ಈ ಹುಳ ಅಲ್ಲಿಗೆ ಹೋದದ್ದು ಯುರೋಪಿನ ವಲಸಿಗರ ಕುರಿ, ನಾಯಿಗಳ ಜೊತೆ. ಅಲ್ಲಿಂದ ಅದು ಡಿಂಗೊ ನಾಯಿಗಳಿಗೂ ಕಾಂಗರೂವಿನ ಚಿಕ್ಕ ದಾಯಾದಿ ವಾಲಬಿಗೂ ಹರಡಿತು. ಶ್ವಾಸಕೋಶದಲ್ಲಿ ಗುಳ್ಳೆ ಬೆಳೆದ ವಾಲಬಿಗೆ ಉಸಿರು ಸಾಲದು, ಬೇಟೆಗಾರನಿಂದ ತಪ್ಪಿಸಿಕೊಂಡು ಓಡಲಾಗದು. ಅದೇ ದೇಶದ ಟ್ಯಾಸ್ಮೇನಿಯಾ ದ್ವೀಪ 1960ರ ದಶಕದಿಂದ ನಾಯಿಗೆ ಹಸಿ ಕರುಳು, ಯಕೃತ್ತು ಹಾಕುವುದನ್ನು ತಡೆಯಿತು, ನಾಯಿಗಳನ್ನು ಪರೀಕ್ಷಿಸಿತು. 1996ರಲ್ಲಿ ಅದನ್ನು ತಾತ್ಕಾಲಿಕವಾಗಿ ರೋಗಮುಕ್ತವೆಂದು ಘೋಷಿಸಲಾಯಿತು.

ನಮ್ಮಲ್ಲೂ ಇದು ಆಗದ ಕೆಲಸವಲ್ಲ. ಜಾತ್ರೆಯಿರಲಿ, ಮನೆದೇವರ ಕಾರ್ಯವಿರಲಿ, ಗುಳ್ಳೆಯಿರುವ ಅಂಗವನ್ನು ನಾಯಿ ಕೆದಕಲಾಗದಷ್ಟು ಆಳದಲ್ಲಿ ಹೂಳಿ ಮೇಲೆ ಕಲ್ಲು ಹೇರಬೇಕು. ಪಶುವೈದ್ಯರನ್ನು ಕೇಳಿ ನಾಯಿಗೆ 6 ವಾರಕ್ಕೊಮ್ಮೆ ಪ್ರಾಜಿಕ್ವಾಂಟೆಲ್ ಮಾತ್ರೆ ಕೊಡಬೇಕು. ಮಾತ್ರೆ ಹುಳವನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಆದ್ದರಿಂದ ಕೊಟ್ಟ ಮೇಲೆ ಎರಡು ದಿನ ನಾಯಿಯನ್ನು ಕಟ್ಟಿಹಾಕಿ, ಅದರ ಮಲವನ್ನೂ ಹೂಳಬೇಕು.