ಗಾಳಿಮರದ ಕೆಳಗೆ ಹಿಮ

ಡಿಸೆಂಬರ್ 8ರ ಫೆಸ್ತ್ ಮುಗಿಯುವ ಹೊತ್ತಿಗೆ ಪಣಜಿಯಲ್ಲಿ ಹಿಮ ಬೀಳತೊಡಗುತ್ತದೆ. ಬಿಳಿ ಇಗರ್ಜಿಯ ಮೆಟ್ಟಿಲ ಕೆಳಗಿನ ಸಂತೆಯಲ್ಲಿ ಕಡಲೆ ಮಿಠಾಯಿ, ಬಲೂನು, ಪ್ಲಾಸ್ಟಿಕ್ ಆಟಿಕೆಗಳ ಗದ್ದಲ ಇನ್ನೂ ಪೂರ್ತಿ ಇಳಿದಿರುವುದಿಲ್ಲ. ಅಷ್ಟರಲ್ಲೇ ಸುತ್ತಲಿನ ಅಂಗಡಿಗಳ ಗಾಜಿನ ಹಿಂದೆ ಹತ್ತಿಯ ಹಿಮ, ಥರ್ಮೋಕೋಲ್ ಹಿಮ, ಡಬ್ಬಿಯಿಂದ ಸಿಂಪಡಿಸಿದ ನೊರೆಯ ಹಿಮ. ಹೊರಗೆ ಮಧ್ಯಾಹ್ನದ ಬಿಸಿಲು 32 ಡಿಗ್ರಿ ದಾಟಿದೆ. ಮಾಂಡೋವಿಯ ಮೇಲಿಂದ ಬರುವ ಗಾಳಿಯಲ್ಲಿ ಉಪ್ಪಿದೆ, ತಂಪಿಲ್ಲ. ಅಂಗಿಯ ಬೆನ್ನು ಒದ್ದೆಯಾದವರೇ ಬಂದು ಬಿಳಿ ತುಪ್ಪಳದ ಅಂಚಿನ ಕೆಂಪು ಟೊಪ್ಪಿಗೆಗೆ ಚೌಕಾಸಿ ಮಾಡುತ್ತಿದ್ದಾರೆ.

ಪುಸ್ತಕದಂಗಡಿಯ ಮುಂದಿನ ಮೇಜಿನ ಮೇಲೂ ಹಿಮಗಾಲವೇ. ಒಂದು ಮುಖಪುಟದಲ್ಲಿ ಗಾಢ ನೀಲಿ ರಾತ್ರಿ, ಅದರ ನಡುವೆ ಹಳದಿ ಬೆಳಕಿನ ಪುಟ್ಟ ಕಿಟಕಿ. ಇನ್ನೊಂದರಲ್ಲಿ ಮೊಣಕಾಲವರೆಗೆ ಹಿಮದಲ್ಲಿ ಹೂತ ಹಿಮಸಾರಂಗ, ಮತ್ತೊಂದರಲ್ಲಿ ಹೊಗೆಗೂಡಿನೊಳಗೆ ಅರ್ಧ ಇಳಿದ ಅಜ್ಜನ ಬೂಟುಗಳು. ಪೈನ್ ಕಾಡು, ಜಾರುಬಂಡಿ, ಉಣ್ಣೆಯ ಕೈಗವಸು ತೊಟ್ಟ ನರಿ. ಮೇಜಿನಂಚಿಗೆ ಗಲ್ಲವೂರಿ ನಿಂತ ಹುಡುಗಿಯೊಬ್ಬಳು ಪುಟ ತಿರುವುತ್ತಾಳೆ. ಮಿರುಗುವ ಹಾಳೆಗೆ ಬೆವರಿದ ಬೆರಳು ಅಂಟಿಕೊಳ್ಳುತ್ತದೆ. ಬಿಡಿಸಿಕೊಂಡಾಗ ಯಾರೂ ತುಳಿಯದ ಹಿಮದ ಬಯಲಿನ ನಟ್ಟನಡುವೆ ಅವಳ ಹೆಬ್ಬೆರಳ ಗುರುತು ಉಳಿಯುತ್ತದೆ.

1832ರಷ್ಟು ಹಿಂದೆ ಪೋರ್ಚುಗೀಸರ ಕಾಲದಲ್ಲಿ ಶುರುವಾದ ಗೋವಾದ ಕೇಂದ್ರ ಗ್ರಂಥಾಲಯ ಈಗ ಪಾಟ್ಟೊದ ದೊಡ್ಡ ಕಟ್ಟಡದಲ್ಲಿದೆ, ಕೃಷ್ಣದಾಸ ಶಾಮಾ ಅವರ ಹೆಸರಿನಲ್ಲಿ. ಅಲ್ಲಿ ಮಕ್ಕಳ ವಿಭಾಗದಲ್ಲಿ ಅಪ್ಪ–ಮಗ ಅಕ್ಕಪಕ್ಕ ಕುಳಿತಿದ್ದಾರೆ. ಬಾಗಲಕೋಟೆ ಕಡೆಯವರು. ಅಪ್ಪನಿಗೆ ನದಿಯಾಚೆ ಮಾಲಿಮ್ ಜೆಟ್ಟಿಯಲ್ಲಿ ಕೆಲಸ. ಅಲ್ಲಿ ನಸುಕಿನಲ್ಲಿ ಮಾರುದ್ದದ ಐಸ್ ದಿಮ್ಮಿಗಳನ್ನು ಯಂತ್ರದ ಬಾಯಿಗೆ ಕೊಡುತ್ತಾರೆ. ಗರಗರ ಸದ್ದಿನೊಂದಿಗೆ ಪುಡಿಯಾದ ಐಸು ಬುಟ್ಟಿಗೆ ಸುರಿದು, ಬಂಗಡೆ–ಇಸ್ವಾಣಗಳ ಮೇಲೆ ಬಿಳಿ ಹೊದಿಕೆಯಾಗಿ ಕೂರುತ್ತದೆ. ಮಗ ನೋಡಿರುವ ಹಿಮ ಅದೊಂದೇ.

“ಯಪ್ಪಾ, ಇದು ಜೆಟ್ಟಿನಾಗಿನ ಐಸ್ ಐತೇನು?”

“ಅಲ್ಲಲೇ. ಇದು ಮ್ಯಾಲಿಂದ ತಾನಽ ಬೀಳತೈತಿ.”

“ಹಂಗಾರ ಮೀನ ಎಲ್ಲಿ ಅದಾವು?”

ಅವರ ಮುಂದಿದ್ದದ್ದು ರೇಮಂಡ್ ಬ್ರಿಗ್ಸ್ ಅವರ ‘ದಿ ಸ್ನೋಮ್ಯಾನ್’. 1978ರ ಪುಸ್ತಕ. ಬಣ್ಣದ ಪೆನ್ಸಿಲಿನ ಮಸುಕು ಗೆರೆಗಳಲ್ಲೇ ಕತೆ ಸಾಗುತ್ತದೆ, ಒಳಗೆ ಒಂದು ಮಾತೂ ಇಲ್ಲ. ಕನ್ನಡ ಓದಿದ ಅಪ್ಪ, ಶಾಲೆಯಲ್ಲಿ ಬೇರೆ ಭಾಷೆ ಕಲಿಯುವ ಮಗ, ಇಬ್ಬರಿಗೂ ಅದು ಸಲೀಸು. ಹುಡುಗ ಹಿಮದ ಗೊಂಬೆ ಮಾಡುತ್ತಾನೆ. ರಾತ್ರಿ ಗೊಂಬೆಗೆ ಜೀವ ಬರುತ್ತದೆ. ಇಬ್ಬರೂ ಹಾರಿ ಹೋಗಿ ಬ್ರೈಟನ್ ಊರಿನ ಕಡಲಕಟ್ಟೆಯ ಮೇಲೆ ನಿಲ್ಲುತ್ತಾರೆ. ಬೆಳಗಾದಾಗ ಗೊಂಬೆ ಕರಗಿರುತ್ತದೆ. ಕಡಲೂ ಗೊತ್ತು, ಕರಗುವುದೂ ಗೊತ್ತು. ಜೆಟ್ಟಿಯ ಹುಡುಗನಿಗೆ ಇದರಲ್ಲಿ ಹೊಸದೆಂದರೆ ಹಾರುವುದೊಂದೇ.

ತಮಾಷೆಯೆಂದರೆ, ಪ್ರತಿ ಡಿಸೆಂಬರಿನಲ್ಲಿ ಕ್ರಿಸ್‌ಮಸ್ ರಾಶಿಗೆ ಸೇರುವ ಈ ಪುಸ್ತಕದಲ್ಲಿ ಕ್ರಿಸ್‌ಮಸ್ಸೇ ಇಲ್ಲ. ಸ್ಯಾಂಟಾಕ್ಲಾಸ್ ಅದಕ್ಕೆ ಅಂಟಿಕೊಂಡದ್ದು 1982ರಲ್ಲಿ ಸಿನಿಮಾ ಮಾಡಿದಾಗ. ಎಜ್ರಾ ಜ್ಯಾಕ್ ಕೀಟ್ಸ್ ಅವರ ‘ದಿ ಸ್ನೋಯಿ ಡೇ’ಯದೂ (1962) ಇದೇ ಕತೆ. ಕೆಂಪು ಉಡುಪಿನ ಕರಿಯ ಹುಡುಗ ಪೀಟರ್ ಅಲ್ಲಿ ಬರೀ ಹಿಮದಲ್ಲಿ ಆಡುತ್ತಾನೆ, ಹಬ್ಬದ ಸುಳಿವೇ ಇಲ್ಲ. ಹಿಮ ಕಂಡರೆ ಸಾಕು, ಹಬ್ಬವನ್ನು ನಾವೇ ಸೇರಿಸಿಕೊಳ್ಳುತ್ತೇವೆ.

ಬೈಬಲ್ಲಿನ ಯೇಸು ಜನನದ ಪ್ರಸಂಗದಲ್ಲಿ ಹಿಮದ ಮಾತಿಲ್ಲ. ಕುರಿ ಕಾಯುವವರು ರಾತ್ರಿ ಬಯಲಲ್ಲೇ ಇದ್ದರಂತೆ. ಹಿಮ ಬಂದದ್ದು ಬಹಳ ತಡವಾಗಿ, ಅದೂ ಅಚ್ಚುಮೊಳೆಯ ಮೂಲಕ. 1823ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಅಚ್ಚಾದ ಪದ್ಯ ಅಜ್ಜನ ಬಂಡಿಗೆ ಎಂಟು ಹಿಮಸಾರಂಗ ಕಟ್ಟಿತು. 1843ರಲ್ಲಿ ಡಿಕನ್ಸ್ ‘ಎ ಕ್ರಿಸ್‌ಮಸ್ ಕ್ಯಾರಲ್’ನಲ್ಲಿ ಲಂಡನ್ನಿನ ಚಳಿಯನ್ನು ಹಬ್ಬಕ್ಕೆ ಬೆಸೆದರು, ಅವರ ಬಾಲ್ಯದ ಚಳಿಗಾಲಗಳು ಇಂಗ್ಲೆಂಡಿನಲ್ಲಿ ವಿಪರೀತ ಕೊರೆದಿದ್ದವು. 1860ರ ದಶಕದಲ್ಲಿ ಥಾಮಸ್ ನಾಸ್ಟ್ ಎಂಬ ವ್ಯಂಗ್ಯಚಿತ್ರಕಾರರು ಅಜ್ಜನಿಗೆ ಡುಬ್ಬು ಹೊಟ್ಟೆಯನ್ನೂ ಉತ್ತರಧ್ರುವದ ವಿಳಾಸವನ್ನೂ ಕೊಟ್ಟರು. ಗೋವಾಕ್ಕೆ ಹಬ್ಬ ತಂದ ಪೋರ್ಚುಗೀಸರ ಲಿಸ್ಬನ್ನಿನಲ್ಲೇ ಹಿಮ ಬೀಳುವುದು ಅಪರೂಪ. ಇಲ್ಲಿನ ಹತ್ತಿಯ ಹಿಮಕ್ಕೆ ಹಡಗಿಗಿಂತ ಇಂಗ್ಲಿಷ್ ಶುಭಾಶಯ ಪತ್ರ ಮತ್ತು ಚಿತ್ರಪುಸ್ತಕಗಳ ಋಣವೇ ಹೆಚ್ಚು.

ಆದರೆ ಗೋವಾದ ಮನೆಗಳು ಈ ನೆಂಟನನ್ನು ಸುಮ್ಮನೆ ಕೂರಿಸಿಲ್ಲ. ಹಬ್ಬಕ್ಕೆ ವಾರವಿರುವಾಗ ಗೋದಲಿಯ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯ ಕೆಲಸ ಶುರು. ಅಗಲ ತಟ್ಟೆಗೆ ಕೆಮ್ಮಣ್ಣು ಹರಡಿ, ನೆನೆಸಿದ ರಾಗಿಯನ್ನೋ ಗೋಧಿಯನ್ನೋ ಚೆಲ್ಲಿ ನೀರು ಚಿಮುಕಿಸುತ್ತಾರೆ. ಹಬ್ಬದ ದಿನಕ್ಕೆ ಬೆರಳುದ್ದದ ಹಸಿರು ಪೈರು ಸಿದ್ಧ. ಅದೇ ಬೆತ್ಲೆಹೇಮಿನ ಗದ್ದೆ. ಕೊಟ್ಟಿಗೆಗೆ ಒಣಹುಲ್ಲಿನ ಮಾಡು, ಹೊಳೆಗೆ ಕನ್ನಡಿ ಚೂರು. ಕಡೆಗೆ ಮಗುವೊಂದು ಓಡಿಬಂದು ಹುಲ್ಲಿನ ಮಾಡಿನ ಮೇಲೆ ಹತ್ತಿ ಹಿಂಜಿ ಉದುರಿಸುತ್ತದೆ. ಕೆಳಗೆ ಹಸಿರು ಗದ್ದೆ, ಮೇಲೆ ಹಿಮಪಾತ! ಪಕ್ಕದಲ್ಲಿ ಕ್ರಿಸ್‌ಮಸ್ ಮರವಾಗಿ ನಿಂತಿರುವುದು ಕಡಲತೀರದಿಂದ ಕಡಿದು ತಂದ ಗಾಳಿಮರದ ಕೊಂಬೆ. ಅದರ ಸೂಜಿಯೆಲೆಗಳ ಮೇಲೂ ಎರಡು ಎಳೆ ಹತ್ತಿ. ಅಡುಗೆಮನೆಯಲ್ಲಿ ಬೆಲ್ಲ, ಅಕ್ಕಿಹಿಟ್ಟು, ತೆಂಗಿನ ಹಾಲಿನ ದೊಡೊಲ್ ಮಗುಚುತ್ತಿರುವವರ ಹಣೆಯಿಂದ ಬೆವರು ಇಳಿಯುತ್ತಿದೆ.

ಗೋವಾದ ಕಣ್ಣೂ ಒಮ್ಮೆ ಹಿಮದ ನಾಡಿಗೆ ಹೋಗಿ ಬಂದಿದೆ. ಇಲ್ಲಿನ ಬಾರು, ಬಸ್ಸು, ಮೀನುಪೇಟೆ, ಮದುವೆಮನೆಗಳನ್ನು ಗಿಜಿಗುಡುವಂತೆ ಬರೆದ ವ್ಯಂಗ್ಯಚಿತ್ರಕಾರ ಮಾರಿಯೋ ಮಿರಾಂಡ (1926–2011) ಜರ್ಮನಿಯ ಚಳಿಗಾಲವನ್ನೂ ಅದೇ ಶಾಯಿಯಲ್ಲಿ ಬರೆದರು. ‘ಜರ್ಮನಿ ಇನ್ ವಿಂಟರ್‌ಟೈಮ್’ 1980ರಲ್ಲಿ ಹೊರಬಂತು. ಅದಕ್ಕೂ ಮೊದಲು ಸಾಂತ್ ಇಸ್ತೆವಾಂವ್ ದ್ವೀಪದ ಆಂಜೆಲೊ ದ ಫೊನ್ಸೆಕಾ (1902–1967) ಶಾಂತಿನಿಕೇತನದಲ್ಲಿ ಕಲಿತು ಬಂದು ಮರಿಯಮ್ಮನಿಗೆ ಸೀರೆ ಉಡಿಸಿದ್ದರು. ಊರಿನ ಧಾರ್ಮಿಕರಿಗೆ ಅದು ಹಿಡಿಸಲಿಲ್ಲ. ಚಿತ್ರಕಾರ ಪುಣೆಯಲ್ಲಿ ಬಾಳು ಸವೆಸಿದರು. ಈಗ ಅವರ ಚಿತ್ರಗಳು ಪರ್ವರಿಯ ಝೇವಿಯರ್ ಇತಿಹಾಸ ಸಂಶೋಧನಾ ಕೇಂದ್ರದಲ್ಲಿ ಜತನವಾಗಿವೆ. ದೂರದ ಹಿಮವನ್ನು ಒಪ್ಪಿಕೊಂಡಷ್ಟು ಬೇಗ ಪಕ್ಕದ ಮನೆಯ ಸೀರೆಯನ್ನು ಒಪ್ಪಿಕೊಳ್ಳಲು ಜನಕ್ಕೆ ಆಗಲಿಲ್ಲ.

ಮಕ್ಕಳ ಕಪಾಟಿನ ಕೊರತೆಯೂ ಇಲ್ಲೇ ಇದೆ. ಹಿಮ ಹೆಚ್ಚಾಯಿತೆಂದಲ್ಲ, ಅದರ ಜೊತೆ ನಿಲ್ಲಬೇಕಾದ ಚಿತ್ರಗಳು ಕಡಿಮೆ. ಬಣ್ಣಕ್ಕೆ ಬರವೇನೂ ಇಲ್ಲ. ಬಿದಿರುಕಡ್ಡಿಗೆ ಬಣ್ಣದ ಕಾಗದ ಹಚ್ಚಿದ ನಕ್ಷತ್ರಗಳು ಬಾಲ್ಕನಿಗಳಲ್ಲಿ ತೂಗುತ್ತವೆ. ಡಿಸೆಂಬರ್ 31ಕ್ಕೆ ಹುಡುಗರು ಹಳೆ ಪ್ಯಾಂಟಿಗೆ ಹುಲ್ಲು ತುರುಕಿ ‘ಓಲ್ಡ್ ಮ್ಯಾನ್’ ಮಾಡಿ, ಸ್ಕೂಟರ್ ಅಡ್ಡಗಟ್ಟಿ ಕಾಸು ಕೇಳಿ, ನಡುರಾತ್ರಿ ಸುಡುತ್ತಾರೆ. ಜನವರಿ 6ರಂದು ರೇಯಿಸ್ ಮಾಗೊಸ್, ಚಾಂದೊರ್, ಕಾನ್ಸಾವ್ಲಿಗಳಲ್ಲಿ ಮೂವರು ಹುಡುಗರು ಕಿರೀಟ ತೊಟ್ಟು, ಜರಿಯ ನಿಲುವಂಗಿ ಇಳಿಬಿಟ್ಟು, ಕುದುರೆಯೇರಿ ಮೂರು ರಾಯರಾಗುತ್ತಾರೆ. ಬ್ಯಾಂಡಿನವರು ಮುಂದೆ, ಊರೆಲ್ಲ ಹಿಂದೆ.

ಇಷ್ಟನ್ನು ಯಾರಾದರೂ ಪುಟಪುಟವಾಗಿ, ಮಾತಿಲ್ಲದೆ ಬರೆಯಲಿ. ಉತ್ತರದ ಲ್ಯಾಪ್‌ಲ್ಯಾಂಡಿನಲ್ಲಿ ಮಗುವೊಂದು ಆ ಪುಸ್ತಕ ತೆರೆದು, ಬಿಸಿಲಲ್ಲಿ ಕುದುರೆಯೇರಿ ಬೆವರು ಒರೆಸಿಕೊಳ್ಳುವ ರಾಯನನ್ನು ಕಂಡು, “ಇವರ ಹಿಮ ಎಲ್ಲಿ ಹೋಯಿತು?” ಎಂದು ಅಪ್ಪನನ್ನು ಪೀಡಿಸಲಿ.